ಮೊದಲು ನೋವು, ಆಮೇಲೆ ಪಟ್ಟಿ

ನಮ್ಮ ಕಡೆಯ ಮನೆಗಳಲ್ಲಿ ಗಾಯದ ಪಟ್ಟಿ ಬದಲಿಸುವ ಹೊತ್ತಾಯಿತೆಂದರೆ ಗಂಡಸರು ಎದ್ದು ಕಟ್ಟೆಗೆ ಹೋಗುತ್ತಾರೆ. ಮಕ್ಕಳನ್ನು ಪಕ್ಕದ ಮನೆಗೆ ಕಳಿಸುತ್ತಾರೆ. ಸೊಸೆಯೋ ಮಗಳೋ ಒಬ್ಬಳು ಮಾತ್ರ ಒಳಗೆ ಉಳಿಯುತ್ತಾಳೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬರುವ ಕೂಗು ಓಣಿಗೆಲ್ಲ ಕೇಳುತ್ತದೆ. "ಕ್ಯಾನ್ಸರ್ ಗಾಯ ಅಂದ್ರ ಹಂಗ, ಏನ್ ಮಾಡಾಕ ಬರ್ತೈತಿ" ಎಂದು ಕಟ್ಟೆಯ ಮೇಲಿದ್ದವರು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಆದರೆ ಆ ಕೂಗಿನಲ್ಲಿ ರೋಗದ ಪಾಲು ಸ್ವಲ್ಪ, ನಮ್ಮ ಕೈಯ ಪಾಲು ಬಹಳ. ಒಣಗಿದ ಬಟ್ಟೆಯನ್ನು ಹಸಿ ಮಾಂಸದಿಂದ ಕಿತ್ತರೆ ಯಾರಿಗಾದರೂ ಜೀವ ಹೋದಂತಾಗುತ್ತದೆ. ಆ ನೋವನ್ನು ತಪ್ಪಿಸಬಹುದು. ಹೇಗೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ನರ್ಸ್. ರಾಯಚೂರು ಜಿಲ್ಲೆಯ ವಳಕಮದಿನ್ನಿ ನನ್ನ ತವರು. ಬೆಂಗಳೂರಿನಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡಿ, ಈಗ ಊರಿಗೆ ಮರಳಿದ್ದೇನೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಹಳ್ಳಿಗಳಲ್ಲಿ ಯಾರಾದರೂ ಕರೆದರೆ ಮನೆಗೆ ಹೋಗಿ ಗಾಯ ನೋಡುತ್ತೇನೆ. ನಾನು ನೋಡುವ ಗಾಯಗಳಲ್ಲಿ ಹೆಚ್ಚಿನವು ಮಾಯುವಂಥವಲ್ಲ. ತಂಬಾಕು, ಸುಣ್ಣ, ಗುಟ್ಕಾ ತಿಂದು ಬಾಯಿಯಲ್ಲಿ ಹುಟ್ಟಿದ ಕ್ಯಾನ್ಸರ್ ಗಲ್ಲವನ್ನು ತೂತು ಮಾಡಿಕೊಂಡು ಹೊರಬಂದಿರುತ್ತದೆ. ನಾಚಿಕೆಯಿಂದ ಮುಚ್ಚಿಟ್ಟುಕೊಂಡ ಎದೆಯ ಗಂಟು ಒಡೆದು ಹುಣ್ಣಾಗಿರುತ್ತದೆ. ಲಕ್ವ ಹೊಡೆದು ಮಲಗಿದವರ ಸೊಂಟದ ಹಿಂದೆ ಹಾಸಿಗೆ ಹುಣ್ಣು ಎಲುಬಿನವರೆಗೆ ಇಳಿದಿರುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ಬೆರಳು ಕಪ್ಪಾಗಿರುತ್ತದೆ.

ಇಂಥವರಿಗೆ ಕೊಡುವ ಆರೈಕೆಗೆ ಡಾಕ್ಟರುಗಳು ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ, ಪತ್ರಿಕೆಗಳಲ್ಲಿ ಉಪಶಮನ ಆರೈಕೆ ಎಂದು ಬರೆಯುತ್ತಾರೆ. ರೋಗ ವಾಸಿಯಾಗದಿದ್ದರೂ ರೋಗಿ ನರಳದಂತೆ ನೋಡಿಕೊಳ್ಳುವುದು ಅದರ ಕೆಲಸ. ಗಾಯದ ವಿಷಯದಲ್ಲಿ ಅದರ ಅರ್ಥ ಇಷ್ಟು: ಗಾಯ ಮಾಯದೇ ಇರಬಹುದು, ಆದರೆ ಅದು ನೋಯದಂತೆ, ನಾರದಂತೆ, ಸೋರದಂತೆ, ರಕ್ತ ಹರಿಯದಂತೆ ಇಡಬಹುದು.

ಎಷ್ಟಾಣೆ ನೋವು?

ಹೊಸ ಮನೆಗೆ ಹೋದಾಗ ನಾನು ಮೊದಲು ಗಾಯ ಮುಟ್ಟುವುದಿಲ್ಲ. ಕೂತು ಕೇಳುತ್ತೇನೆ. ಆಸ್ಪತ್ರೆಯಲ್ಲಿ ಸೊನ್ನೆಯಿಂದ ಹತ್ತರವರೆಗೆ ಅಂಕಿ ಹೇಳಿಸುವ ರೂಢಿ ಇದೆ. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ಇನ್ನು ತಡೆಯಲಾಗದು. ನಮ್ಮ ಹಳ್ಳಿಯ ಹಿರಿಯರಿಗೆ ಆ ಲೆಕ್ಕ ಹಿಡಿಸುವುದಿಲ್ಲ. ಹದಿನಾರಾಣೆಯ ರೂಪಾಯಿಯ ಲೆಕ್ಕ ಅವರಿಗೆ ಇನ್ನೂ ಬಾಯಲ್ಲಿದೆ. "ಅಜ್ಜಾ, ಈಗ ರೂಪಾಯಿಗೆ ಎಷ್ಟಾಣೆ ನೋವೈತಿ?" ಎಂದರೆ "ಈಗ ನಾಕಾಣೆ, ಪಟ್ಟಿ ಬಿಚ್ಚಿದ್ರ ಹದಿನಾರಾಣೆ" ಎಂದು ಥಟ್ಟನೆ ಹೇಳುತ್ತಾರೆ. ಬಾಯಿ ಕ್ಯಾನ್ಸರಿನಿಂದ ಮಾತು ನಿಂತಿದ್ದ ಒಬ್ಬ ಹಮಾಲಿ ಬೆರಳು ತೋರಿಸಿ ಆಣೆ ಹೇಳುತ್ತಿದ್ದರು. ಅವರ ಹೆಂಡತಿ ಅದನ್ನು ಕ್ಯಾಲೆಂಡರಿನ ತಾರೀಖಿನ ಪಕ್ಕ ಬರೆದಿಡುತ್ತಿದ್ದರು. ಮುಂದಿನ ಸಲ ಡಾಕ್ಟರ ಮುಂದೆ ಆ ಕ್ಯಾಲೆಂಡರ್ ಇಟ್ಟಾಗ ಔಷಧ ಹೆಚ್ಚಿಸಬೇಕೋ ಬೇಡವೋ ಎಂಬುದಕ್ಕೆ ಬೇರೆ ಪುರಾವೆ ಬೇಕಾಗಲಿಲ್ಲ.

ಎಷ್ಟು ಎಂದು ಕೇಳಿದ ಮೇಲೆ ಎಂಥ ನೋವು ಎಂದು ಕೇಳಬೇಕು. "ಜಗ್ಗಿದಂಗ ಆಗ್ತೈತಿ, ಬಡದಂಗ ಆಗ್ತೈತಿ, ಮಿಡಿತೈತಿ" ಎಂದರೆ ಅದು ಮಾಂಸದ, ಚರ್ಮದ, ಎಲುಬಿನ ನೋವು. ಮಾಮೂಲಿ ನೋವಿನ ಮಾತ್ರೆಗಳಿಗೆ, ಹೆಚ್ಚಾದರೆ ಮಾರ್ಫಿನ್‌ಗೆ ಅದು ಬಗ್ಗುತ್ತದೆ. "ಖಾರ ಹಚ್ಚಿದಂಗ ಉರಿತೈತಿ, ಕರೆಂಟ್ ಹೊಡದಂಗ ಆಗ್ತೈತಿ, ಇರುವಿ ಹರದಂಗ ಆಗ್ತೈತಿ, ಸೆರಗು ತಾಕಿದ್ರೂ ತಡಿಯಾಕ ಆಗವಲ್ದು" ಎಂದರೆ ನರಕ್ಕೇ ಪೆಟ್ಟಾಗಿದೆ ಎಂದು ತಿಳಿಯಬೇಕು. ಇದಕ್ಕೆ ಬರೀ ನೋವಿನ ಮಾತ್ರೆ ಸಾಲದು. ಅಮಿಟ್ರಿಪ್ಟಿಲಿನ್, ಗ್ಯಾಬಾಪೆಂಟಿನ್ ಥರದ ಮಾತ್ರೆಗಳನ್ನು ಡಾಕ್ಟರು ಸಣ್ಣ ಪ್ರಮಾಣದಿಂದ ಶುರು ಮಾಡುತ್ತಾರೆ. ಇವು ಕೆಲಸ ತೋರಿಸಲು ಕೆಲವು ದಿನ ಬೇಕು. ಎರಡು ದಿನ ನುಂಗಿ "ಗುಣ ಇಲ್ಲ" ಎಂದು ಬಿಡುವವರೇ ಹೆಚ್ಚು. ಆದ್ದರಿಂದ ರೋಗಿ ಹೇಳಿದ ಮಾತನ್ನು ತಿದ್ದದೆ, ಹಾಗೆಯೇ ಡಾಕ್ಟರಿಗೆ ಮುಟ್ಟಿಸಬೇಕು. ಮಗ "ಬಾಳ ನೋವೈತ್ರಿ ಸರ್" ಎಂದಷ್ಟೇ ಹೇಳಿದರೆ ಔಷಧ ಆರಿಸುವುದಕ್ಕೆ ಬೇಕಾದ ಸಂಗತಿಯೇ ಹೋಗಿಬಿಡುತ್ತದೆ.

ಮೂರನೆಯ ಪ್ರಶ್ನೆ, ಯಾವಾಗ ಎಂಬುದು. ದಿನವಿಡೀ ಇರುವ ನೋವು ಬೇರೆ. ಮಗ್ಗುಲಾದಾಗ, ಪಟ್ಟಿ ಬಿಚ್ಚಿದಾಗ ಏಳುವ ನೋವು ಬೇರೆ. ಏನೂ ಮಾಡದೆ ಇದ್ದಕ್ಕಿದ್ದಂತೆ ನುಗ್ಗುವುದು ಇನ್ನೊಂದು. ಮೊದಲನೆಯದಕ್ಕೆ ಹೊತ್ತು ಹೊತ್ತಿಗೆ ತಪ್ಪದೆ ಔಷಧ ಬೇಕು, ಎರಡನೆಯದಕ್ಕೆ ಕೆಲಸಕ್ಕೆ ಮುಂಚೆಯೇ ಬೇಕು, ಮೂರನೆಯದಕ್ಕೆ ಕೈಯಳತೆಯಲ್ಲಿ ಒಂದು ಹೆಚ್ಚಿನ ಮಾತ್ರೆ ಇರಬೇಕು.

ಮಾತಾಡಲಾರದವರು, ಅರಿವು ತಪ್ಪಿದವರು ನೋವು ಹೇಳುವುದಿಲ್ಲ ಎಂದು ನೋವಿಲ್ಲ ಎಂದುಕೊಳ್ಳಬಾರದು. ಹುಬ್ಬು ಗಂಟಿಕ್ಕುವುದು, ಮುಷ್ಟಿ ಬಿಗಿಯುವುದು, ಮುಟ್ಟಿದರೆ ಕೈ ತಳ್ಳುವುದು, ನರಳುವುದು, ಉಸಿರು ಜೋರಾಗುವುದು ಇವೆಲ್ಲ ಅವರ ಮಾತು.

ಎದೆಯಲ್ಲಿ ಅಂಗೈ ಅಗಲದ ಹುಣ್ಣಿದ್ದ ಒಬ್ಬ ಅಜ್ಜಿ ಮೊದಲ ದಿನ ನನಗೆ ಹೇಳಿದ ಮಾತು ಇದು: "ಯವ್ವಾ, ಸಾಯಾಕ ನನಗ ಅಂಜಿಕಿ ಇಲ್ಲ. ಪಟ್ಟಿ ಬಿಚ್ಚೋರು ಬಂದ್ರಂದ್ರ ಅಂಜಿಕಿ ಬರ್ತೈತಿ." ಹಿಂದಿನ ದಿನವೇ ಆಕೆಗೆ ನಿದ್ದೆ ಹಾರಿರುತ್ತಿತ್ತು, ಬೆಳಿಗ್ಗೆ ಊಟ ಸೇರುತ್ತಿರಲಿಲ್ಲ. ಭಯ ನೋವನ್ನು ಹೆಚ್ಚಿಸುತ್ತದೆ, ನೋವು ಭಯವನ್ನು ಹೆಚ್ಚಿಸುತ್ತದೆ. ಇದನ್ನು ಲೋಕಕ್ಕೆ ಸ್ಪಷ್ಟವಾಗಿ ಹೇಳಿದವರು ಬ್ರಿಟನ್ನಿನ ಸಿಸಿಲಿ ಸಾಂಡರ್ಸ್. ಮೊದಲು ನರ್ಸ್ ಆಗಿ, ಆಮೇಲೆ ಡಾಕ್ಟರಾಗಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್ ಎಂಬ ಆರೈಕೆ ಮನೆ ತೆರೆದವರು ಅವರು. ನೋವು ಬರೀ ದೇಹದ್ದಲ್ಲ, ಮನಸ್ಸು, ಮನೆತನ, ದುಡ್ಡಿನ ಚಿಂತೆ, ದೇವರ ಮೇಲಿನ ಮುನಿಸು ಎಲ್ಲ ಸೇರಿ ಒಂದೇ ನೋವಾಗುತ್ತದೆ ಎಂದು ಅವರು ಕಲಿಸಿದರು. ಆ ಅಜ್ಜಿಯ ನೋವಿನಲ್ಲಿ "ನನ್ನ ವಾಸನಿಗೆ ಮೊಮ್ಮಕ್ಕಳು ಹತ್ರ ಬರವಲ್ವು" ಎಂಬುದೂ ಸೇರಿತ್ತು. ವಾಸನೆ ಕಡಿಮೆಯಾಗಿ ಮೊಮ್ಮಗಳು ಪಕ್ಕದಲ್ಲಿ ಮಲಗಲು ಶುರು ಮಾಡಿದ ಮೇಲೆ ಅದೇ ಮಾತ್ರೆಗಳೇ ಆಕೆಗೆ ಹೆಚ್ಚು ತಾಗಿದವು.

ಗಡಿಯಾರ ನೋಡಿ ಮಾತ್ರೆ

ಕ್ಯಾನ್ಸರ್ ನೋವಿಗೆ ಔಷಧ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಮೆಟ್ಟಿಲುಗಳ ಲೆಕ್ಕದಲ್ಲಿ ಹೇಳಿತು. ಸಣ್ಣ ನೋವಿಗೆ ಪ್ಯಾರಾಸಿಟಮಾಲ್‌ನಂಥದ್ದು, ನಡುವಿನದಕ್ಕೆ ಕೊಡೀನ್, ಟ್ರಮಡಾಲ್‌ನಂಥದ್ದು, ಜೋರು ನೋವಿಗೆ ಮಾರ್ಫಿನ್. ಸಾಧ್ಯವಾದಷ್ಟು ಬಾಯಿಯಿಂದಲೇ ಕೊಡಬೇಕು, ಗಡಿಯಾರ ನೋಡಿ ಕೊಡಬೇಕು, ರೋಗಿಗೆ ಎಷ್ಟು ಬೇಕೋ ಅಷ್ಟು ಕೊಡಬೇಕು. ಈಗಿನ ಡಾಕ್ಟರುಗಳು ಜೋರು ನೋವಿದ್ದರೆ ಮೆಟ್ಟಿಲು ಎಣಿಸುತ್ತ ಕೂಡದೆ ನೇರವಾಗಿ ಸಣ್ಣ ಪ್ರಮಾಣದ ಮಾರ್ಫಿನ್ ಶುರು ಮಾಡುವುದೂ ಉಂಟು.

ಗಡಿಯಾರದ ಮಾತು ನಮ್ಮ ಮನೆಗಳಿಗೆ ಒಗ್ಗುವುದೇ ಕಷ್ಟ. "ನೋವು ಬಂದ್ರ ಕೊಡ್ತೀವಿ" ಅನ್ನುತ್ತಾರೆ. ಒಡ್ಡು ಒಡೆದು ನೀರು ಗದ್ದೆಗೆ ನುಗ್ಗಿದ ಮೇಲೆ ಮಣ್ಣು ಹಾಕುವುದಕ್ಕೂ ಮೊದಲೇ ಒಡ್ಡು ಗಟ್ಟಿ ಮಾಡುವುದಕ್ಕೂ ಎಷ್ಟು ಅಂತರ ಎಂದು ಕಾಲುವೆ ನೀರಿನಲ್ಲಿ ಬೆಳೆ ತೆಗೆಯುವವರಿಗೆ ನಾನು ಹೇಳಬೇಕಿಲ್ಲ. ನೋವು ಏರಿದ ಮೇಲೆ ಇಳಿಸಲು ಹೆಚ್ಚು ಔಷಧ ಬೇಕು. ಏರುವ ಮೊದಲೇ ಕೊಟ್ಟರೆ ಕಡಿಮೆ ಸಾಕು.

ಮಾಮೂಲಿ ಮಾರ್ಫಿನ್ ಮಾತ್ರೆಯ ಶಕ್ತಿ ಸುಮಾರು ನಾಲ್ಕು ಗಂಟೆ. ಆದ್ದರಿಂದ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಬರೆದುಕೊಡುತ್ತಾರೆ. ನಡುರಾತ್ರಿ ಎಬ್ಬಿಸಬಾರದೆಂದು ರಾತ್ರಿ ಹತ್ತರದನ್ನು ಎರಡು ಪಟ್ಟು ಮಾಡಿ ಕೊಡುವ ಪದ್ಧತಿಯೂ ಇದೆ, ಡಾಕ್ಟರು ಹಾಗೆ ಬರೆದಿದ್ದರೆ ಮಾತ್ರ. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿದ್ದ ಒಂದು ಮನೆಯಲ್ಲಿ ಹೈಸ್ಕೂಲ್ ಓದುವ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಐದು ಅಲಾರಾಂ ಇಟ್ಟು ತಾತನಿಗೆ ಮಾತ್ರೆ ಕೊಡುತ್ತಿದ್ದಳು. ಶಾಲೆಯ ಹೊತ್ತಿನ ಎರಡು ಮಾತ್ರೆಗಳನ್ನು ಊರಿನ ಆಶಾ ಕಾರ್ಯಕರ್ತೆ ಅಕ್ಕ ಬಂದು ಕೊಟ್ಟು ಹೋಗುತ್ತಿದ್ದರು. ಓದು ಬರಹ ಕಡಿಮೆ ಇದ್ದ ಮನೆಗಳಲ್ಲೂ ಇದು ನಡೆಯುತ್ತದೆ. ಬೇಕಾದದ್ದು ತಿಳಿಸಿ ಹೇಳುವವರು.

ಮಾರ್ಫಿನ್ ಬಗ್ಗೆ ಮೂರು ಭಯಗಳನ್ನು ಎಲ್ಲ ಮನೆಗಳಲ್ಲೂ ಕೇಳುತ್ತೇನೆ. ಮೊದಲನೆಯದು, ಚಟ ಹತ್ತುತ್ತದೆ ಎಂಬುದು. ನೋವಿರುವವರಿಗೆ ಡಾಕ್ಟರು ಅಳೆದು ಕೊಟ್ಟ ಮಾರ್ಫಿನ್‌ನಿಂದ ಚಟ ಹತ್ತುವುದು ಅಪರೂಪ. ಎರಡನೆಯದು, ಇದು ಸಾವನ್ನು ಬೇಗ ತರುತ್ತದೆ ಎಂಬುದು. ಸಣ್ಣ ಪ್ರಮಾಣದಿಂದ ಶುರು ಮಾಡಿ ನೋವಿಗೆ ತಕ್ಕಂತೆ ಏರಿಸಿದರೆ ಹಾಗಾಗುವುದಿಲ್ಲ. ನೋವು ಇಳಿದು ಊಟ, ನಿದ್ದೆ ಸರಿಯಾಗಿ ರೋಗಿ ಎದ್ದು ಕೂತದ್ದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಮೂರನೆಯದು, "ಇದು ಕೊಟ್ರ ಮುಗೀತು ಅಂತ ಅರ್ಥ" ಎಂಬುದು. ಮಾರ್ಫಿನ್ ಕೊಡುವುದು ನೋವು ಜೋರಿದೆ ಎಂಬ ಕಾರಣಕ್ಕೆ, ಆಯುಷ್ಯ ಮುಗಿಯಿತು ಎಂಬ ಕಾರಣಕ್ಕಲ್ಲ. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಬರಬಹುದು, ಅದು ಇಳಿಯುತ್ತದೆ. ಮಲಬದ್ಧತೆ ಮಾತ್ರ ಇಳಿಯುವುದಿಲ್ಲ. ಮಾರ್ಫಿನ್ ಶುರುವಾದ ದಿನದಿಂದಲೇ ಹೊಟ್ಟೆ ಸಡಿಲಿಸುವ ಔಷಧವೂ ಶುರುವಾಗಬೇಕು. ಡಾಕ್ಟರು ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ. ಮೂತ್ರಪಿಂಡ ಕೆಟ್ಟವರಿಗೆ ಪ್ರಮಾಣ ಬೇರೆ, ಅದನ್ನು ಮೊದಲೇ ಹೇಳಿ. ಅಂಗಡಿಯಿಂದ ತಂದು ತಿನ್ನುವ ಡೈಕ್ಲೋಫೆನ್ಯಾಕ್‌ನಂಥ ಮಾತ್ರೆಗಳು ದಿನಾ ತಿಂದರೆ ಹೊಟ್ಟೆ, ಮೂತ್ರಪಿಂಡ ಕೆಡಿಸುತ್ತವೆ. ಜನ ಅವಕ್ಕೆ ಹೆದರುವುದಿಲ್ಲ, ಮಾರ್ಫಿನ್‌ಗೆ ಹೆದರುತ್ತಾರೆ.

ಪಟ್ಟಿ ಬಿಚ್ಚುವ ಬಗೆ

ಬಾಯಿಯಿಂದ ಕೊಟ್ಟ ಮಾರ್ಫಿನ್ ಅರ್ಧ ಗಂಟೆಯಲ್ಲಿ ಹಿಡಿಯಲು ಶುರುವಾಗುತ್ತದೆ, ಒಂದು ಗಂಟೆಯ ಹೊತ್ತಿಗೆ ಪೂರಾ ಹಿಡಿಯುತ್ತದೆ. ಪಟ್ಟಿ ಬದಲಿಸುವ ಹೊತ್ತನ್ನು ಮಾತ್ರೆಯ ಹೊತ್ತಿಗೆ ಹೊಂದಿಸಿದರೆ ಅರ್ಧ ಕೆಲಸ ಆದಂತೆ. ಬೆಳಿಗ್ಗೆ 10ಕ್ಕೆ ಮಾತ್ರೆ ಇದ್ದರೆ ನಾನು ಹನ್ನೊಂದರ ಹೊತ್ತಿಗೆ ಗಾಯಕ್ಕೆ ಕೈ ಹಾಕುತ್ತೇನೆ. ಪಟ್ಟಿ ಬಿಚ್ಚುವಾಗಿನ ನೋವಿಗೆಂದೇ ಒಂದು ಹೆಚ್ಚಿನ ಪ್ರಮಾಣವನ್ನು ಡಾಕ್ಟರಿಂದ ಬರೆಸಿಟ್ಟುಕೊಳ್ಳುವುದೂ ಉಂಟು. ಮಾರ್ಫಿನ್ ಇಲ್ಲದವರಿಗೂ ಇದೇ ಮಾತು. ಯಾವ ಮಾತ್ರೆ ಬರೆದಿದ್ದಾರೋ ಅದನ್ನು ಮುಂಚೆ ಕೊಟ್ಟು ಆಮೇಲೆ ಪಟ್ಟಿ.

ಅಷ್ಟರಲ್ಲಿ ಉಪ್ಪು ನೀರು ತಯಾರಾಗಬೇಕು. ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಬೇಕು. ಆಸ್ಪತ್ರೆಯ ಸಲೈನಿಗೂ ಇದಕ್ಕೂ ಉಪ್ಪಿನ ಅಳತೆ ಹೆಚ್ಚುಕಡಿಮೆ ಒಂದೇ. ಪೂರಾ ತಣ್ಣಗಾಗುವುದು ಬೇಡ, ಮೈಯ ಬಿಸಿಯಷ್ಟು ಉಗುರುಬೆಚ್ಚಗಿರಲಿ. ತಣ್ಣೀರು ಹಸಿ ಗಾಯಕ್ಕೆ ಬಿದ್ದರೆ ಚುಳ್ ಎನ್ನುತ್ತದೆ. ಈ ನೀರನ್ನು ಹಳೇ ಪಟ್ಟಿಯ ಮೇಲೆ ನಿಧಾನ ಸುರಿಯುತ್ತ ಇರಬೇಕು, ಅದು ತಾನಾಗಿ ಬಿಡುವವರೆಗೆ. ಹತ್ತು ನಿಮಿಷ ಹಿಡಿಯಲಿ, ಇಪ್ಪತ್ತು ನಿಮಿಷ ಹಿಡಿಯಲಿ. ಅವಸರ ಮಾಡಿ ಕಿತ್ತರೆ ನೋವು ಒಂದು ಕಡೆ, ರಕ್ತ ಇನ್ನೊಂದು ಕಡೆ.

ಗಾಯವನ್ನು ಉಜ್ಜಬಾರದು. ಅದೇ ನೀರನ್ನು ಸುರಿದು ತೊಳೆದರೆ ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೊರೆ ಬಂದರೆ ಶುದ್ಧವಾಯಿತೆಂದು ಸಂತೋಷಪಡುವವರಿದ್ದಾರೆ. ಅವು ಉರಿಸುತ್ತವೆ, ಉಳಿದ ಒಳ್ಳೆಯ ಚರ್ಮವನ್ನೂ ಕೆಡಿಸುತ್ತವೆ. ಬೂದಿ, ತಂಬಾಕಿನ ಪುಡಿ, ಬೇರು ಅರೆದ ಮದ್ದು, ಬಟ್ಟೆಗೆ ಹಾಕುವ ಸುಗಂಧದ ಪೌಡರ್ ಇವನ್ನೆಲ್ಲ ಗಾಯದಿಂದ ತೊಳೆದು ತೆಗೆಯುವ ಕೆಲಸ ನನಗೆ ಇಂದಿಗೂ ತಪ್ಪಿಲ್ಲ. ದಯವಿಟ್ಟು ಹಾಕಬೇಡಿ.

ಗಾಯದ ಮೇಲೆ ಅಂಟದ ಪದರ ಮೊದಲು ಬರಬೇಕು. ಪ್ಯಾರಫಿನ್ ಸವರಿದ ಬಲೆಬಟ್ಟೆ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ದುಡ್ಡಿಲ್ಲದಿದ್ದರೆ ಮನೆಯಲ್ಲೇ ಮಾಡಬಹುದು. ತೊಳೆದ ಹಳೇ ಹತ್ತಿ ಸೀರೆಯ ತುಂಡುಗಳನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಕುಕ್ಕರಿನಲ್ಲಿ ಅರ್ಧ ಗಂಟೆ ಹಬೆಯಾಡಿಸಿ, ಕೈ ತೊಳೆದುಕೊಂಡು ವ್ಯಾಸಲೀನ್ ಸವರಿದರೆ ಆಯಿತು. ಅದರ ಮೇಲೆ ಸೋರಿಕೆ ಹೀರುವ ದಪ್ಪ ಪದರ. ಹೆಚ್ಚು ಸೋರುವ ಗಾಯಕ್ಕೆ ಸ್ಯಾನಿಟರಿ ಪ್ಯಾಡ್ ಅಥವಾ ಮಕ್ಕಳ ಡೈಪರ್ ಚೆನ್ನಾಗಿ ಹೀರುತ್ತದೆ. ಪ್ಲಾಸ್ಟರ್ ಅಂಟಿಸಿದ ಜಾಗದ ಚರ್ಮವೇ ಎದ್ದು ಬರುವ ರೋಗಿಗಳಿದ್ದಾರೆ. ಅವರಿಗೆ ಪ್ಲಾಸ್ಟರ್ ಬೇಡ. ಎದೆಯ ಗಾಯವಾದರೆ ಹಳೇ ಬನಿಯನ್, ಗಲ್ಲದ ಗಾಯವಾದರೆ ಮೆತ್ತನೆಯ ಬಟ್ಟೆ ಸುತ್ತಿ ಕಟ್ಟಿದರೆ ಸಾಕು. ಗಾಯದ ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಅಥವಾ ಜಿಂಕ್ ಮುಲಾಮು ಸವರಿದರೆ ಸೋರಿಕೆಯ ನೀರಿಗೆ ಅದು ನೆನೆದು ಕೆಡುವುದಿಲ್ಲ.

ಅಂಟದ ಪದರಕ್ಕೆ ನಮ್ಮ ದೇಶದ ಡಾಕ್ಟರುಗಳು ಬಡವರ ಕೈಗೆಟುಕುವ ದಾರಿಗಳನ್ನು ಹುಡುಕಿದ್ದಾರೆ. ಮುಂಬೈಯ ಡಾಕ್ಟರುಗಳು 1980ರ ದಶಕದಲ್ಲಿ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಸುಟ್ಟ ಗಾಯಗಳಿಗೆ ಹಾಕಿ ನೋಡಿದರು. ಅದೇ ಊರಿನ ಡಾ. ಮಾಧುರಿ ಗೋರೆ ಮತ್ತು ಸಂಗಡಿಗರು ಬಾಳೆ ಎಲೆಯ ಪಟ್ಟಿಯನ್ನು ಸುಟ್ಟ ಗಾಯಗಳ ಮೇಲೆ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಬಾಳೆ ಎಲೆ ಮಾಂಸಕ್ಕೆ ಅಂಟುವುದಿಲ್ಲ, ತೆಗೆಯುವಾಗ ನೋಯುವುದಿಲ್ಲ. ಆದರೆ ಗಿಡದಿಂದ ಕಿತ್ತು ನೇರವಾಗಿ ಇಡುವುದಲ್ಲ, ಆಸ್ಪತ್ರೆಯ ಹಬೆಯಲ್ಲಿ ಶುದ್ಧ ಮಾಡಿದ ಎಲೆ ಅದು. ನಮ್ಮ ಪಕ್ಕದ ಸೊಲ್ಲಾಪುರದ ಡಾ. ಸುಬ್ರಹ್ಮಣ್ಯಂ ಜೇನುತುಪ್ಪವನ್ನು ಸುಟ್ಟ ಗಾಯಕ್ಕೆ ಬಳಸಿ 1991ರಲ್ಲಿ ಬರೆದದ್ದನ್ನು ಜಗತ್ತಿನ ಡಾಕ್ಟರುಗಳು ಇಂದಿಗೂ ಉಲ್ಲೇಖಿಸುತ್ತಾರೆ. ಜೇನು ವಾಸನೆ ತಗ್ಗಿಸುತ್ತದೆ, ಕೆಲವರಿಗೆ ಉರಿಸುವುದೂ ಉಂಟು. ಉರಿದರೆ ಅವರಿಗೆ ಅದು ಬೇಡ, ಅಷ್ಟೇ.

ಗಾಯ ತೊಳೆಯುವ ಮುನ್ನ ಲಿಗ್ನೊಕೇನ್ ಜೆಲ್ಲಿ ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಮೇಲಿನ ನೋವು ಮಂಕಾಗುತ್ತದೆ. ಎಷ್ಟು ಸವರಬೇಕೆಂದು ಡಾಕ್ಟರೇ ಹೇಳಬೇಕು, ದೊಡ್ಡ ಗಾಯದಿಂದ ಅದು ರಕ್ತಕ್ಕೆ ಸೇರುತ್ತದೆ. ಮಾರ್ಫಿನ್ ಅನ್ನೇ ಜೆಲ್ಲಿನಲ್ಲಿ ಬೆರೆಸಿ ತೆರೆದ ಹುಣ್ಣಿಗೆ ಹಚ್ಚುವ ಪದ್ಧತಿಯೂ ಕೆಲವು ಕೇಂದ್ರಗಳಲ್ಲಿದೆ. ಉರಿಯೂತವಾದ ಜಾಗದ ನರಗಳ ತುದಿಯಲ್ಲೇ ಅದು ಕೆಲಸ ಮಾಡುತ್ತದೆ.

ಇನ್ನೊಂದು ಔಷಧಕ್ಕೆ ದುಡ್ಡು ಬೇಕಿಲ್ಲ. "ಯವ್ವಾ, ನೀ ಕೈ ಎತ್ತಿದ್ರ ನಾ ನಿಲ್ಲಸ್ತೀನಿ" ಎಂದು ಮೊದಲೇ ಮಾತು ಕೊಡುತ್ತೇನೆ. ಕೈ ಎತ್ತಿದಾಗ ನಿಜವಾಗಿ ನಿಲ್ಲಿಸುತ್ತೇನೆ. ತನ್ನ ಮೈ ತನ್ನ ಕೈಯಲ್ಲಿದೆ ಎಂಬ ನಂಬಿಕೆ ಬಂದವರು ಹೆಚ್ಚು ಸಲ ಕೈ ಎತ್ತುವುದಿಲ್ಲ. ಫ್ಯಾನಿನ ಗಾಳಿ ನೇರ ಗಾಯಕ್ಕೆ ಬಡಿಯದಂತೆ ತಿರುಗಿಸುವುದು, ಬೇಕಾದ ಸಾಮಾನು ಎಲ್ಲ ಮೊದಲೇ ಜೋಡಿಸಿಕೊಂಡು ಗಾಯ ತೆರೆದಿರುವ ಹೊತ್ತು ಕಡಿಮೆ ಮಾಡುವುದು, ಅವರಿಗೆ ಇಷ್ಟವಾದ ತತ್ವಪದವನ್ನೋ ಭಜನೆಯನ್ನೋ ಮೊಬೈಲಿನಲ್ಲಿ ಹಾಕುವುದು ಇವೂ ಔಷಧವೇ.

ವಾಸನೆ, ಹುಳ, ರಕ್ತ

ಕ್ಯಾನ್ಸರ್ ಹುಣ್ಣಿನ ವಾಸನೆಗೆ ಕಾರಣ ಸತ್ತ ಮಾಂಸದಲ್ಲಿ ಬೆಳೆಯುವ, ಗಾಳಿ ಬೇಡದ ಸೂಕ್ಷ್ಮಜೀವಿಗಳು. ಅದಕ್ಕೆ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ತೊಳೆದ ಗಾಯದ ಮೇಲೆ ಉದುರಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಭೇದಿಗೆ ಕೊಡುವ ಅಗ್ಗದ ಮಾತ್ರೆಯೇ ಅದು. ಜೆಲ್ ರೂಪದಲ್ಲೂ ಸಿಗುತ್ತದೆ. ಊದುಬತ್ತಿ, ಸೆಂಟು ಹಾಕಿದರೆ ಎರಡು ವಾಸನೆ ಸೇರಿ ಇನ್ನೂ ಕಷ್ಟ. ಕಿಟಕಿ ತೆಗೆಯಿರಿ, ಮಂಚದ ಕೆಳಗೆ ತಟ್ಟೆಯಲ್ಲಿ ಇದ್ದಿಲು ಇಡಿ.

ಗಾಯ ತೆರೆದಿಟ್ಟರೆ ನೊಣ ಕೂತು ಹುಳ ಬೀಳುತ್ತವೆ. ಮನೆಯವರು ಗಾಬರಿಯಿಂದ ಫಿನೈಲ್, ಸೀಮೆಎಣ್ಣೆ ಸುರಿದದ್ದನ್ನು ನೋಡಿದ್ದೇನೆ. ಅದು ರೋಗಿಗೆ ನರಕ. ತರಬೇತಿ ಇರುವವರು ಮೊದಲು ನೋವಿಗೆ ಮಾತ್ರೆ ಕೊಟ್ಟು, ಗಾಯದ ಬಾಯಿಗೆ ಟರ್ಪೆಂಟೈನ್ ಅದ್ದಿದ ಗಾಜ್ ಹಿಡಿದರೆ ಹುಳ ಮೇಲೆ ಬರುತ್ತವೆ, ಚಿಮಟದಿಂದ ತೆಗೆಯಬಹುದು. ಹುಳ ಬಿದ್ದದ್ದು ಪಾಪದ ಫಲವಲ್ಲ, ನೊಣದ ಕೆಲಸ. ಸೊಳ್ಳೆ ಪರದೆ ಕಟ್ಟಿದರೆ ಮತ್ತೆ ಬರುವುದಿಲ್ಲ.

ರಕ್ತ ಜಿನುಗಿದರೆ ಶುದ್ಧ ಬಟ್ಟೆ ಇಟ್ಟು ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯ ಪುಡಿಯನ್ನು ಜಾಗಕ್ಕೆ ಹಾಕುವುದನ್ನು ಡಾಕ್ಟರು ಹೇಳಿಕೊಡುತ್ತಾರೆ. ಕುತ್ತಿಗೆಯ ದೊಡ್ಡ ಗಾಯವಿದ್ದ ಮನೆಯಲ್ಲಿ ಕಡುಬಣ್ಣದ ಟವೆಲ್ ಕೈಗೆಟುಕುವಂತೆ ಇಡಿ. ಬಿಳಿ ಬಟ್ಟೆಯ ಮೇಲಿನ ರಕ್ತ ನೋಡಿ ರೋಗಿ ಹೆದರುವಷ್ಟು ಗಾಯಕ್ಕೂ ಹೆದರುವುದಿಲ್ಲ.

ಹಾಸಿಗೆ ಹುಣ್ಣಿನ ಮಾತು ಬೇರೆ. ಅದು ಆಗದಂತೆ ನೋಡುವುದೇ ಅದರ ನೋವಿಗೆ ಮೊದಲ ಮದ್ದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸುವುದು ಬೇಡ, ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ವಾಲಿಸಿದರೆ ಸಾಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಮಡಚಿದ ಕೌದಿ ಇಡಿ. ಕೆಂಪಾದ ಜಾಗವನ್ನು ತಿಕ್ಕಬೇಡಿ, ಬಟ್ಟೆಯ ಸಿಂಬೆ ಮಾಡಿ ಅದರ ಮೇಲೆ ಕೂರಿಸಬೇಡಿ. ಅದು ಸುತ್ತಲಿನ ರಕ್ತ ತಡೆದು ಹುಣ್ಣನ್ನು ದೊಡ್ಡದು ಮಾಡುತ್ತದೆ. ಎಳೆದು ಸರಿಸಬೇಡಿ, ಹಾಸಿದ ದುಪಟಿಯ ಸಮೇತ ಇಬ್ಬರು ಎತ್ತಿ ಸರಿಸಿ. ಕೊನೆಯ ದಿನಗಳಲ್ಲಿ ಮಗ್ಗುಲಾಗುವುದೇ ನರಕವೆನಿಸಿದರೆ ಎರಡು ಗಂಟೆಯ ಹಟ ಬೇಡ. ಆಗ ರೋಗಿಯ ನೆಮ್ಮದಿ ದೊಡ್ಡದು.

ಕಾನೂನು ಬದಲಾಗಿದೆ

ಇನ್ನು ಮೇಲೆ ಹೇಳಿದ ಮಾರ್ಫಿನ್ ಸಿಗುವ ಮಾತು. ನಮ್ಮ ದೇಶ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುತ್ತದೆ. ನೀಮಚ್ ಮತ್ತು ಗಾಜಿಪುರಗಳಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಮಾರ್ಫಿನ್ ಹುಟ್ಟುವುದೇ ಅಫೀಮಿನಿಂದ. ಆದರೂ 1985ರ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ಗೋಜಲಿಗೂ ಶಿಕ್ಷೆಯ ಭಯಕ್ಕೂ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಮುಂದಿನ ಹನ್ನೆರಡು ವರ್ಷಗಳಲ್ಲಿ ದೇಶದ ಮಾರ್ಫಿನ್ ಬಳಕೆ ಸುಮಾರು ಶೇ. 97ರಷ್ಟು ಕುಸಿಯಿತು. ಒಂದು ತಲೆಮಾರಿನ ಡಾಕ್ಟರುಗಳು ಆ ಮಾತ್ರೆಯನ್ನು ಕೈಯಲ್ಲಿ ಹಿಡಿಯದೆಯೇ ಓದು ಮುಗಿಸಿದರು.

ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರಂಥ ಅನೇಕರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಮಾರ್ಫಿನ್ ಸೇರಿ ಆರು ಔಷಧಗಳನ್ನು 2015ರಲ್ಲಿ ಅಗತ್ಯ ಮಾದಕ ಔಷಧಗಳೆಂದು ಗುರುತಿಸಲಾಯಿತು. ಈಗ ಹತ್ತಾರು ಲೈಸೆನ್ಸು ಬೇಕಿಲ್ಲ. ನೋವು ಶಮನದ ತರಬೇತಿ ಪಡೆದ ಒಬ್ಬರಾದರೂ ಡಾಕ್ಟರಿರುವ ಆಸ್ಪತ್ರೆ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ, ಸರಿಯಾಗಿ ಲೆಕ್ಕ ಇಟ್ಟು ಮಾರ್ಫಿನ್ ಕೊಡಬಹುದು. ತಾಲ್ಲೂಕು ಆಸ್ಪತ್ರೆಗೂ ಇದು ಸಾಧ್ಯ.

ಕೇರಳ 2008ರಲ್ಲೇ ಪ್ಯಾಲಿಯೇಟಿವ್ ಆರೈಕೆಗೆ ಸರ್ಕಾರಿ ನೀತಿ ಮಾಡಿ, ಪಂಚಾಯಿತಿಯ ನರ್ಸ್ ಮನೆಗೆ ಬರುವಂತೆ ಮಾಡಿತು. ನಮ್ಮ ಗಡಿಯಾಚೆಯ ತೆಲಂಗಾಣ ಜಿಲ್ಲಾ ಮಟ್ಟದಲ್ಲಿ ಕೇಂದ್ರಗಳನ್ನು ತೆರೆದಿದೆ. ನಮ್ಮ ರಾಜ್ಯದಲ್ಲೂ ಈ ಕೆಲಸ ಹೊಸದಲ್ಲ. ಬೆಂಗಳೂರಿನ ಕರುಣಾಶ್ರಯ 1994ರಲ್ಲಿ ಟ್ರಸ್ಟ್ ಆಗಿ ಹುಟ್ಟಿ, 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಬೆಂಗಳೂರಿನಲ್ಲಿದೆ, ಅದರ ಘಟಕ ಕಲಬುರಗಿಯಲ್ಲಿದೆ. ಕೇಂದ್ರ ಸರ್ಕಾರದ ಪ್ಯಾಲಿಯೇಟಿವ್ ಕಾರ್ಯಕ್ರಮ 2012ರಿಂದ ಕಾಗದದ ಮೇಲಿದೆ.

ಆದರೆ ಮಸ್ಕಿ ಸೀಮೆಯ ಹಳ್ಳಿಯಿಂದ ಬೆಂಗಳೂರು ನಾನೂರು ಕಿಲೋಮೀಟರ್ ಆಸುಪಾಸು. ಗಲ್ಲದಲ್ಲಿ ತೂತಿರುವ ಮನುಷ್ಯ ರಾತ್ರಿ ಬಸ್ಸಿನಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡು, ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುವುದನ್ನು ನೋಡುತ್ತ, ಒಂದು ತಿಂಗಳ ಮಾತ್ರೆಗಾಗಿ ಹೋಗಿ ಬರಬೇಕು. ಹೋದ ವಾರದ ಕೂಲಿ ಬಸ್ಸಿಗೆ, ಬರುವ ವಾರದ ಕೂಲಿ ಊಟಕ್ಕೆ. ಮೂರನೆಯ ತಿಂಗಳಿಗೆ ಬಹಳ ಜನ ಹೋಗುವುದನ್ನು ಬಿಡುತ್ತಾರೆ. ಲೋಕದಲ್ಲಿ ವರ್ಷಕ್ಕೆ ಐದೂಮುಕ್ಕಾಲು ಕೋಟಿಯಷ್ಟು ಜನರಿಗೆ ಪ್ಯಾಲಿಯೇಟಿವ್ ಆರೈಕೆ ಬೇಕು, ಸಿಗುವುದು ಶೇ. 14 ಮಂದಿಗೆ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸಿಗದವರು ಯಾರು ಎಂದರೆ ಇಂಥ ಬಸ್ಸುಗಳಲ್ಲಿ ಕೂರುವವರು.

ಕೇಳಬೇಕಾದ್ದು

ಮನೆಯಲ್ಲಿ ಇಂಥ ರೋಗಿ ಇರುವವರಿಗೆ ನನ್ನ ಮಾತು: ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿ. ಈ ನೋವು ಮಾಂಸದ್ದೋ ನರದ್ದೋ? ಪಟ್ಟಿ ಬದಲಿಸುವ ಮುಂಚೆ ಏನು ಕೊಡಬೇಕು, ಎಷ್ಟು ಹೊತ್ತು ಮುಂಚೆ? ಮಾರ್ಫಿನ್ ಬೇಕೆ, ಬೇಕಿದ್ದರೆ ಹತ್ತಿರ ಎಲ್ಲಿ ಸಿಗುತ್ತದೆ? ವಾಸನೆಗೆ ಏನು ಹಾಕಬೇಕು? ನಿಮ್ಮ ಊರಿನ ಆಶಾ ಕಾರ್ಯಕರ್ತೆ ಮತ್ತು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗೆ ಮಲಗಿದವರ ಹೆಸರು ಬರೆಸಿ. ದಾರಿ ತಿಳಿಯದಿದ್ದರೆ 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ವೈದ್ಯರಿಗೂ ಜನಪ್ರತಿನಿಧಿಗಳಿಗೂ ನನ್ನ ಬೇಡಿಕೆ: ಒಂದೊಂದು ತಾಲ್ಲೂಕಿಗೆ ನೋವು ಶಮನದ ತರಬೇತಿ ಪಡೆದ ಒಬ್ಬ ಡಾಕ್ಟರು, ಮನೆಗೆ ಹೋಗುವ ಒಬ್ಬ ನರ್ಸ್, ಬೀಗದ ಕಪಾಟಿನಲ್ಲಿ ಮಾರ್ಫಿನ್ ಮಾತ್ರೆ. ಇದಕ್ಕೆ ದೊಡ್ಡ ಕಟ್ಟಡ ಬೇಡ, ಯಂತ್ರ ಬೇಡ. ಕಾನೂನು ಅವಕಾಶ ಕೊಟ್ಟಾಗಿದೆ, ಮಾತ್ರೆ ದುಬಾರಿಯಲ್ಲ, ಕಲಿಸುವವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಮಾನ್ಯತೆಗೆ ಅರ್ಜಿ ಹಾಕಿ. ಉಳಿದ ಕೆಲಸಕ್ಕೆ ನನ್ನಂಥ ನರ್ಸುಗಳು, ಆಶಾ ಅಕ್ಕಂದಿರು, ಮನೆಯ ಸೊಸೆಯಂದಿರು ಸಿದ್ಧರಿದ್ದೇವೆ.